ಮಲ್ಲಿಕ್ ಹಾಕಿದ ಸೀಲು

ಬೆಳಿಗ್ಗೆ ಬಾಗಿಲು ತೆಗೆದ ಹೆಂಗಸು ಮೊದಲು ಬೀದಿ ನೋಡುತ್ತಾಳೆ, ಹಾಲಿನವನು ಬಂದನೋ ಇಲ್ಲವೋ ನೋಡುತ್ತಾಳೆ. ಚಳ್ಳಕೆರೆಯ ಬಳ್ಳಾರಿ ರಸ್ತೆಯ ಆ ಮನೆಯ ಸೊಸೆ ಶೈಲಜಾ ಮಾತ್ರ ಒಂದು ವರ್ಷದಿಂದ ಮೊದಲು ಬಗ್ಗಿ ಕಾರಿನ ಅಡಿ ನೋಡುತ್ತಿದ್ದಳು. ಮಾವ ಮುರುಗೇಂದ್ರಪ್ಪನವರ ಕಪ್ಪು ಅಂಬಾಸಿಡರ್ ಅದು, ಎಪ್ಪತ್ತೆಂಟನೇ ಇಸವಿಯದು, ಆಕೆಗಿಂತ ನಾಲ್ಕು ವರ್ಷ ಹಿರಿದು. ರಾತ್ರಿಯೆಲ್ಲ ಅಂಗಳದಲ್ಲಿ ನಿಂತು ಗೇರ್ ಬಾಕ್ಸಿನಿಂದ ಆಯಿಲ್ ಸೋರಿಸುವುದು ಅದರ ಕೆಲಸ, ಬೆಳಗಾದ ಮೇಲೆ ಅದನ್ನು ಬಳಿಯುವುದು ಈಕೆಯ ಕೆಲಸ. ಬೂದಿ ಚೆಲ್ಲಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಎರಡು ಕೊಡ ಬಿಸಿನೀರು ಹೊಯ್ದರೂ ಕಲ್ಲುಹಾಸಿನ ಮೇಲೆ ದೋಸೆಯಷ್ಟಗಲದ ಕಲೆ ಉಳಿಯುತ್ತಿತ್ತು. ಕೊಳೆತ ಬೆಳ್ಳುಳ್ಳಿಯ ನಾತ ಬೇರೆ. ಅದರ ಪಕ್ಕದಲ್ಲೇ ರಂಗೋಲಿ ಹಾಕಬೇಕು, ಅದೂ ಮಾವ ಲಿಂಗಪೂಜೆಗೆ ಕೂರುವ ಮುಂಚೆ.

“ಮಾವ, ಕಾರನ್ನ ಗಿರಣಿ ಹತ್ರ ನಿಲ್ಲಿಸ್ರಿ. ಅಲ್ಲಿ ಮಣ್ಣೈತೆ, ಕುಡ್ಕೊಳ್ತದೆ.”

“ಕಾರು ಮನೆ ಮುಂದೆ ಇರಬೇಕವ್ವ. ಅದನ್ನ ನೋಡೇ ಜನ ಮುರುಗೇಂದ್ರಪ್ಪ ಮನೇಲವ್ರೆ ಅಂತ ಒಳಗೆ ಬರೋದು.”

“ಬಂದೋರು ಜಾರಿ ಬೀಳ್ತಾರೆ.”

“ನೋಡ್ಕೊಂಡು ಕಾಲಿಡಲಿ.”

ಅಲ್ಲಿಗೆ ಮಾತು ಮುಗಿಯಿತು. ಆ ಮನೆಯಲ್ಲಿ ಮಾತು ಮುಗಿಸುವ ಹಕ್ಕು ಒಬ್ಬರಿಗೇ ಇತ್ತು. ಐವತ್ತು ವರ್ಷ ಶೇಂಗಾ ಎಣ್ಣೆಯ ಗಿರಣಿ ನಡೆಸಿದ ಮನುಷ್ಯ. ಈಗ ಎಪ್ಪತ್ತಾರಾಗಿದ್ದರೂ ಬೆಳಿಗ್ಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಅದೇ ಕಾರಿನಲ್ಲಿ ಅರ್ಧ ಕಿಲೋಮೀಟರ್ ದೂರದ ಗಿರಣಿಗೆ ಹೋಗಿ ಬರದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಹೆಂಡತಿ ಜಗದಾಂಬ ಗಂಡನ ಜೊತೆ ವಾದ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಗ ಚಂದ್ರಶೇಖರ್, ಅಂದರೆ ಶೈಲಜಾಳ ಗಂಡ, ಗಿರಣಿಯ ಅಷ್ಟೂ ಕೆಲಸವನ್ನು ಹೆಗಲ ಮೇಲೆ ಹೊತ್ತವನು. ಆದರೆ ಅಪ್ಪನ ಎದುರು ನಿಂತರೆ ‘ಹೂಂ’ ಎನ್ನುವುದೊಂದನ್ನು ಬಿಟ್ಟು ಬೇರೆ ಮಾತೇ ಹೊರಡುತ್ತಿರಲಿಲ್ಲ. ಪಿಯುಸಿ ಓದುವ ಮಗಳು ಸೌಂದರ್ಯ ಮಾತ್ರ ತಾತನ ಮುಖಕ್ಕೇ ಹೇಳುವಳು: “ತಾತ, ನಿಮ್ಮ ಕಾರಿಗೆ ಡೈಪರ್ ಹಾಕ್ಸಿ.”

ಆಯುಧಪೂಜೆ ಹತ್ತಿರ ಬಂತು. ಆ ದಿನ ಗಿರಣಿಯ ಆಳುಕಾಳು, ನೆಂಟರು, ಊರ ನಾಲ್ಕು ಜನ ದೊಡ್ಡವರು ಎಲ್ಲ ಮನೆ ಮುಂದೆ ಸೇರುವವರು. ಪೂಜೆ ಮಾಡಿದ ಕಾರು ಸೋರುತ್ತ ನಿಂತರೆ ಮಾವನಿಗೆ ಮರ್ಯಾದೆಯ ಪ್ರಶ್ನೆ. ಬೆಂಗಳೂರಿಂದ ಮೆಕ್ಯಾನಿಕ್ ಕರೆಸಲೋ, ದಾವಣಗೆರೆಗೆ ಕಳಿಸಲೋ ಎಂದು ಅವರು ಲೆಕ್ಕ ಹಾಕುತ್ತಿದ್ದಾಗ ಶೈಲಜಾ ಬಾಯಿ ಹಾಕಿದಳು.

“ನನ್ನ ತಮ್ಮ ಮಾಡ್ತಾನೆ ಮಾವ.”

ಮುರುಗೇಂದ್ರಪ್ಪ ಚಹಾದ ಲೋಟ ಕೆಳಗಿಟ್ಟರು. ಸೊಸೆಯ ತಮ್ಮ ಮಲ್ಲಿಕ್ ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿನ ಹತ್ತಿರ ವರ್ಷದ ಹಿಂದಷ್ಟೇ ಗ್ಯಾರೇಜ್ ಹಾಕಿದ್ದ. ಬೀಗರ ಮನೆಯ ಹುಡುಗ ಗ್ರೀಸಿನ ಕೈಯವನು ಅಂತ ಇವರಿಗೆ ಒಳಗೊಳಗೇ ಕಸಿವಿಸಿ.

“ಅವ್ನು ಟಾಟಾ ಏಸ್ ರಿಪೇರಿ ಮಾಡೋನು. ಇದು ಅಂಬಾಸಿಡರ್.”

“ಅವ್ನು ಕೆಲಸ ಕಲಿತಿದ್ದೇ ಬಳ್ಳಾರೀಲಿ, ಅಂಬಾಸಿಡರ್ ಟ್ಯಾಕ್ಸಿ ಗ್ಯಾರೇಜಲ್ಲಿ. ಜವಾಬ್ದಾರಿ ನಂದು.”

ಆ ಕೊನೆಯ ಮಾತನ್ನು ಆಡಬಾರದಿತ್ತು ಎಂದು ಆಕೆ ಆಮೇಲೆ ಎಷ್ಟು ಸಲ ಅಂದುಕೊಂಡಳೋ ಏನೋ.

ಮಲ್ಲಿಕ್ ಬಂದ. ಎರಡು ದಿನ ಅಂಗಳದಲ್ಲೇ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿದ. ಗೇರ್ ಬಾಕ್ಸಿನ ಹಿಂದಿನ ಆಯಿಲ್ ಸೀಲು ಸವೆದು ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಬೆಂಗಳೂರಿಂದ ಬಸ್ಸಿನಲ್ಲಿ ಹೊಸದನ್ನು ತರಿಸಿ ಹಾಕಿದ. ಹೊಸ ಆಯಿಲ್ ತುಂಬಿದ. ಶೈಲಜಾ ಅಡುಗೆಮನೆಯಿಂದ ಎರಡು ಸಲ ಚಹಾ ತಂದುಕೊಟ್ಟಾಗ ಅವನು ಭಾವನಿಗೆ ಏನೇನೋ ತೋರಿಸಿ ಹೇಳುತ್ತಿದ್ದ, ಚಂದ್ರಶೇಖರ್ ಬಗ್ಗಿ ನೋಡಿ ತಲೆಯಾಡಿಸುತ್ತಿದ್ದ. ಹೊರಡುವಾಗ ಮಲ್ಲಿಕ್ ಮುರುಗೇಂದ್ರಪ್ಪನವರಿಗೆ ಅಳತೆ ಕಡ್ಡಿ ತೋರಿಸಿದ.

“ಮಾವ, ಈ ಗೆರೆ ನೋಡ್ರಿ. ಆಯಿಲ್ ಇಲ್ಲಿಗೆ ಸರಿಯಾಗಿ ನಿಲ್ಲಿಸೀನಿ. ಆರು ತಿಂಗಳು ಇದರ ಕಡೆ ತಿರುಗಿ ನೋಡಬ್ಯಾಡ್ರಿ.”

“ಕೂಲಿ ಎಷ್ಟಪ್ಪ?”

“ಅಕ್ಕನ ಮನೆ ಕೆಲಸಕ್ಕೆ ಕೂಲಿ ಎಂಥದು ಮಾವ? ಸೀಲಿಂದು, ಆಯಿಲಿಂದು ಕೊಡ್ರಿ ಸಾಕು.”

ಮಾರನೇ ದಿನ ಬೆಳಿಗ್ಗೆ ಅಂಗಳ ಒಣಗಿತ್ತು. ಶೈಲಜಾ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿದಳು. ಏನೂ ಇಲ್ಲ! ಆ ದಿನ ಹದಿನೈದು ಚುಕ್ಕಿಯ ದೊಡ್ಡ ರಂಗೋಲಿ ಹಾಕಿದಳು, ಸೌಂದರ್ಯ ಅದರ ಫೋಟೋ ತೆಗೆದು ಸೋದರಮಾವನಿಗೆ ಕಳಿಸಿದಳು.

ಆಯುಧಪೂಜೆಯ ದಿನ ಮಲ್ಲಿಕ್‌ನನ್ನು ಮುರುಗೇಂದ್ರಪ್ಪನವರೇ ಫೋನ್ ಮಾಡಿ ಕರೆಸಿಕೊಂಡರು. ಕಾರಿಗೆ ಕೈ ಹಾಕಿದವನಿಗೆ ಪೂಜೆಯ ದಿನ ಟವೆಲ್, ಕಾಯಿ, ಎಲೆಅಡಿಕೆ ಕೊಡುವುದು ಆ ಮನೆಯ ಪದ್ಧತಿ. ಮೊಳಕಾಲ್ಮುರಿನ ಸೋಮಶೇಖರಪ್ಪನವರೂ ಬಂದಿದ್ದರು. ರೇಷ್ಮೆ ಸೀರೆಯ ಅಂಗಡಿಯವರು, ಎರಡೂ ಮನೆಗೆ ನೆಂಟರು, ಆರು ಗಾಡಿಯ ಒಡೆಯರು. ಆ ಆರೂ ಗಾಡಿಯ ವರ್ಷದ ಕೆಲಸವನ್ನು ಮಲ್ಲಿಕ್‌ಗೆ ಒಪ್ಪಿಸುವುದಾಗಿ ಮಾತಾಗಿತ್ತು. ಅದೊಂದು ಕುದುರಿದರೆ ಗ್ಯಾರೇಜ್ ನಿಂತುಕೊಂಡ ಹಾಗೆಯೇ ಎಂದು ಶೈಲಜಾಳ ಅವ್ವ ಫೋನಿನಲ್ಲಿ ಹೇಳಿದ್ದಳು.

ಮುರುಗೇಂದ್ರಪ್ಪ ಕಾರನ್ನು ಗಿರಣಿಗೆ ಓಡಿಸಿ, ಅಲ್ಲಿ ಪೂಜೆ ಮುಗಿಸಿ, ಊರೆಲ್ಲ ಒಂದು ಸುತ್ತು ಹಾಕಿ ಮನೆಗೆ ತಂದು ನಿಲ್ಲಿಸಿದರು. ಚೆಂಡುಹೂವು, ಬಾಳೆಕಂದು, ಕರ್ಪೂರ ಎಲ್ಲ ಆಯಿತು. ಪಡಸಾಲೆಯಲ್ಲಿ ಪಂಕ್ತಿ ಕೂತಿತು. ಹೋಳಿಗೆ ಬಡಿಸಿದ್ದಾಯಿತು. ಚಂದ್ರಶೇಖರ್ ತುಪ್ಪದ ಗಿಂಡಿ ಹಿಡಿದು ಸಾಲಿನಲ್ಲಿ ಬರುತ್ತಿದ್ದ. ಅಷ್ಟರಲ್ಲಿ ಹೊರಗಿನಿಂದ ಮಾವನ ದನಿ ಕೇಳಿಸಿತು.

“ಏನೋ ಇದು! ಏ ಮಲ್ಲಿಕ್, ಬಾರೋ ಇಲ್ಲಿ!”

ಎಲ್ಲರೂ ಬಾಗಿಲಿನತ್ತ ನೋಡಿದರು. ಕಾರಿನ ಅಡಿಯಿಂದ ಆಯಿಲ್ ಹರಿದು, ರಂಗೋಲಿ ದಾಟಿ, ಒಡೆದ ಕುಂಬಳಕಾಯಿಯ ತನಕ ಹೋಗಿತ್ತು. ಮುಂಚೆ ದೋಸೆಯಷ್ಟು ಸೋರುತ್ತಿದ್ದದ್ದು ಈಗ ಚಾಪೆಯಷ್ಟು.

“ಹೊಸ ಸೀಲಿನ ದುಡ್ಡು ಈಸ್ಕೊಂಡು ಹಳೇದನ್ನೇ ಒರೆಸಿ ಹಾಕಿದೀಯಲ್ಲೋ! ಕೂಲಿ ಬ್ಯಾಡ ಬ್ಯಾಡ ಅಂದಿದ್ದು ಇದಕ್ಕೇನಾ?” ಮುರುಗೇಂದ್ರಪ್ಪ ಪಡಸಾಲೆಗೇ ಬಂದು ನಿಂತರು. “ನೋಡ್ರಿ ಸೋಮಶೇಖರಪ್ಪ, ನಿಮ್ಮೂರ ಮೆಕ್ಯಾನಿಕ್ಕು! ಅಕ್ಕನ ಮನೇಲೇ ಕಳ್ಳಕೆಲಸ ಮಾಡೋನು ನಿಮ್ಮ ಗಾಡೀಲಿ ಏನೇನು ಬಿಚ್ಕೊಂಡು ಹೋಗ್ತಾನೋ!”

ಮಲ್ಲಿಕ್‌ನ ಕೈ ಎಲೆಯ ಮೇಲೆ ಹಾಗೇ ನಿಂತಿತು. “ಮಾವ, ಸೀಲು ಹೊಸದು. ಏನಾಗೈತೆ ಅಂತ ಒಮ್ಮೆ ನೋಡ್ತೀನಿ ಬಿಡ್ರಿ.”

“ಮುಟ್ಟೀಯ ಮತ್ತೆ ನನ್ನ ಕಾರನ್ನ!”

ಶೈಲಜಾ ಕೋಸಂಬರಿಯ ಪಾತ್ರೆ ಕೆಳಗಿಟ್ಟು ಗಂಡನ ಕಡೆ ನೋಡಿದಳು. “ರೀ, ಒಂದು ಮಾತಾಡ್ರಿ.”

ಚಂದ್ರಶೇಖರ್ ತುಪ್ಪದ ಗಿಂಡಿಯನ್ನೇ ನೋಡುತ್ತ ನಿಂತಿದ್ದ. ಮಲ್ಲಿಕ್ ಎದ್ದ. ಹೋಳಿಗೆ ಮುರಿದಿದ್ದ ಕೈಯನ್ನು ಅಂಗಳದ ನಲ್ಲಿಯಲ್ಲಿ ತೊಳೆದುಕೊಂಡ. ಮೈಮೇಲೆ ಹೊದಿಸಿದ್ದ ಹೊಸ ಟವೆಲ್ಲನ್ನು ಕಾರಿನ ಬಾನೆಟ್ ಮೇಲಿಟ್ಟು ನಡೆದುಬಿಟ್ಟ. ಶೈಲಜಾ ಬೀದಿಯ ತಿರುವಿನ ತನಕ ಓಡಿದಳು.

“ಮಲ್ಲಿಕ್, ಎಲೆ ಮುಂದಿಂದ ಎದ್ದು ಹೋಗಬ್ಯಾಡ ಕಣೋ.”

“ಎಬ್ಬಿಸಿದೋನು ನಾನಲ್ಲಕ್ಕ,” ಎಂದ ಅವನು. ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಹೊರಟ.

ನಾಲ್ಕನೇ ದಿನಕ್ಕೆ ಮೊಳಕಾಲ್ಮುರಿನಿಂದ ಅವ್ವ ಲಕ್ಷ್ಮೀದೇವಿಯ ಫೋನ್ ಬಂತು. ಶೈಲಜಾ ಮಧ್ಯಾಹ್ನದ ಮುದ್ದೆಗೆ ಎಸರಿಟ್ಟಿದ್ದಳು.

“ಸೋಮಶೇಖರಪ್ಪ ಗಾಡಿ ಕಳಿಸಲ್ವಂತೆ ಕಣೇ. ಒಪ್ಪಿಸಿದ್ದ ಎರಡನ್ನೂ ವಾಪಸ್ ತರಿಸ್ಕೊಂಡ್ರು. ಅಂಗಡೀಲಿ ಕೂತು ಬಂದೋರಿಗೆಲ್ಲ ಹೇಳ್ತಾವ್ರಂತೆ. ಸ್ಕೂಲ್ ವ್ಯಾನಿನೋರೂ ಬೇರೆ ಕಡೆ ಹೋದ್ರು.”

“ಮಲ್ಲಿಕ್ ಏನಂತಾನೆ?”

“ಏನಂತಾನೆ? ಗ್ಯಾರೇಜ್ ಬಾಗಿಲು ತೆಗೀತಾನೆ, ಸ್ಟೂಲ್ ಹಾಕ್ಕೊಂಡು ಕೂರ್ತಾನೆ, ಸಂಜೆ ಬಾಗಿಲು ಹಾಕ್ತಾನೆ. ಅವನಪ್ಪ ಬದುಕಿದ್ದಿದ್ರೆ ಯಾವನು ಹಿಂಗೆ ಅಂತಿದ್ದ? ನಿಮ್ಮ ಮಾವ ಆ ಮಾತು ವಾಪಸ್ ತಗೊಳ್ಳೋ ತನಕ ಇವನಿಗೆ ಈ ಊರಲ್ಲಿ ಕೆಲಸ ಹುಟ್ಟಲ್ಲ.”

ಎಸರು ಉಕ್ಕಿ ಒಲೆ ಆರಿತು. ಶೈಲಜಾ ಅದನ್ನು ಹಾಗೇ ಬಿಟ್ಟು ಪಡಸಾಲೆಗೆ ಬಂದಳು. ಮಾವ ಪೇಪರ್ ಓದುತ್ತಿದ್ದರು.

“ಮಾವ, ಸೀಲು ಹೊಸದು. ಪೊಟ್ಟಣ ನಾನೇ ಕಣ್ಣಾರೆ ನೋಡೀನಿ.”

“ಪೊಟ್ಟಣ ಹೊಸದಿದ್ದೀತು.”

“ಅಂದ್ರೆ ನನ್ನ ತಮ್ಮ ಕಳ್ಳ?”

“ಕಾರು ಸೋರ್ತಾ ಐತೆ. ಅದಕ್ಕಿಂತ ಸಾಕ್ಷಿ ಬೇಕಾ?”

“ಸೋಮಶೇಖರಪ್ಪನೋರಿಗೆ ಫೋನ್ ಮಾಡಿ, ದುಡುಕಿ ಅಂದೆ ಅಂತ ಹೇಳ್ರಿ. ಅವ್ನ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ.”

“ಮುರುಗೇಂದ್ರಪ್ಪ ಅಂದ ಮಾತು ಅಂದಿದ್ದೇ. ಐವತ್ತು ವರ್ಷದ ವ್ಯಾಪಾರ ಅದರ ಮೇಲೇ ನಡ್ದೈತೆ.”

“ಹಂಗಾದ್ರೆ ನಾನೂ ಒಂದು ಮಾತು ಅಂತೀನಿ, ಕೇಳ್ಕೊಳ್ರಿ. ನಾಳೆಯಿಂದ ಆ ಅಂಗಳ ನಾನು ತೊಳೆಯಲ್ಲ. ನಿಮ್ಮ ಕಾರು, ನಿಮ್ಮ ಆಯಿಲು.”

ಜಗದಾಂಬ ದೇವರಮನೆಯ ಬಾಗಿಲಲ್ಲಿ ಹೂ ಕಟ್ಟುತ್ತ ಕೂತಿದ್ದವರು ತಲೆ ಎತ್ತಿದರು. ಇಪ್ಪತ್ತು ವರ್ಷದಲ್ಲಿ ಸೊಸೆ ಮಾವನಿಗೆ ಹೀಗೆ ಎದುರಾಡಿದ್ದು ಅದೇ ಮೊದಲು. ಅವರು ದಾರ ಎಳೆದು ಗಂಟು ಹಾಕಿದರು.

ಶೈಲಜಾ ಹೇಳಿದ್ದನ್ನು ಮಾಡಿದಳು. ಅಡುಗೆ ಮಾಡಿದಳು, ಬಡಿಸಿದಳು, ಬಟ್ಟೆ ಒಗೆದಳು. ಅಂಗಳಕ್ಕೆ ಮಾತ್ರ ಇಳಿಯಲಿಲ್ಲ. ಮೂರೇ ದಿನಕ್ಕೆ ಆಯಿಲ್ ಮೆಟ್ಟಿಲ ತನಕ ಹಬ್ಬಿತು. ಮುರುಗೇಂದ್ರಪ್ಪನವರ ಇಸ್ತ್ರಿ ಪಂಚೆಯ ಅಂಚಿಗೆ ಕಪ್ಪು ಹತ್ತಿತು. ಅವರ ಹೆಜ್ಜೆಗಳೇ ಪಡಸಾಲೆ ದಾಟಿ ದೇವರಮನೆಯ ಹೊಸ್ತಿಲಿಗೆ ಹೋದವು.

“ಇದೇನಿದು ಗಲೀಜು! ದೇವರಮನೆ ಇದು!” ಎಂದು ಕೂಗಿದರು.

“ನಿಮ್ಮ ಕಾಲೇ ಮಾವ,” ಎಂದಳು ಶೈಲಜಾ ರೊಟ್ಟಿ ತಟ್ಟುತ್ತ. “ಬೂದಿ ಬಚ್ಚಲಲ್ಲೈತೆ, ನಾರು ಪಕ್ಕದಲ್ಲೈತೆ.”

ಸೌಂದರ್ಯ ಕಿಸಕ್ಕನೆ ನಕ್ಕಳು. ಚಂದ್ರಶೇಖರ್ ಎದ್ದು ಹೋಗಿ ಬೂದಿ ತಂದು, ಪ್ಯಾಂಟು ಮಡಚಿ, ತಾನೇ ಹೊಸ್ತಿಲು ತಿಕ್ಕಿದ. ಆಯುಧಪೂಜೆಯ ದಿನದಿಂದ ಅವನು ಮನೆಯಲ್ಲಿ ಮಾತೇ ಕಮ್ಮಿ ಮಾಡಿದ್ದ. ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕಿ ಒದ್ದಾಡುತ್ತಾನೆ ಪಾಪ ಎಂದು ಶೈಲಜಾ ಅಂದುಕೊಂಡಳು.

ಕಡೆಗೆ ಮುರುಗೇಂದ್ರಪ್ಪ ಊರಿನವನೇ ಆದ ಮೆಕ್ಯಾನಿಕ್ ಪಾತಣ್ಣನನ್ನು ಕರೆಸಿದರು. ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿ, ಅದು ಹೋದ ಮೇಲೆ ಸ್ಪ್ಯಾನರ್ ಹಿಡಿದ ಮುದುಕ. ಅವನು ಸೀಲು ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಿದ.

“ಯಜಮಾನ್ರೆ, ಇದು ಹೊಸದೇ ಅಲ್ವಾ?”

“ಹೊಸದಾಗಿದ್ರೆ ಸೋರ್ತಿತ್ತಾ? ಬೇರೆ ಹಾಕು.”

ಪಾತಣ್ಣ ಬೇರೆ ಹಾಕಿದ. ಮೂರು ದಿನ ಕಳೆಯಿತು. ಗಿರಣಿಗೆ ಹೋಗಿ, ನಾಯಕನಹಟ್ಟಿ ತನಕ ಒಂದು ಸಲ ಹೋಗಿ ಬಂದರು ನೋಡಿ, ಕಾರಿನ ಅಡಿ ಮತ್ತೆ ಕೆರೆ! ಪಾತಣ್ಣನಿಗೂ ತಲೆಕೆಟ್ಟಿತು. ಈ ಸಲ ಕೆಳಗೆ ಮಲಗಲಿಲ್ಲ. ಕಾರಿನೊಳಗೆ ಕೂತು, ಕಾಲ ಬುಡದ ಚಾಪೆ ಎತ್ತಿ, ತಗಡಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಗೇರ್ ಬಾಕ್ಸಿನ ನೆತ್ತಿ ನೋಡಿದ. ಆಮೇಲೆ ಜೋರಾಗಿ ನಕ್ಕ.

“ಯಾವ ಪುಣ್ಯಾತ್ಮ ಇದರ ಮೂಗು ಮುಚ್ಚಿದೋನು?”

ಎಲ್ಲರೂ ಬಂದು ನಿಂತರು. ಬಟಾಣಿ ಕಾಳಿನಷ್ಟು ತೂತೊಂದನ್ನು, ಪೈಪಿನ ಬಿರುಕಿಗೆ ಹಚ್ಚುವ ಬೂದುಬಣ್ಣದ ಎಂಸೀಲ್ ಮೆತ್ತಿ, ಹೆಬ್ಬೆರಳಲ್ಲಿ ಒತ್ತಿ ಮುಚ್ಚಿದ್ದರು. ಬೆರಳ ಗುರುತು ಹಾಗೇ ಇತ್ತು.

“ಇದು ಗೇರ್ ಬಾಕ್ಸ್ ಉಸಿರಾಡೋ ತೂತು ಯಜಮಾನ್ರೆ. ಗಾಡಿ ಓಡಿ ಒಳಗೆ ಬಿಸಿಯಾದಾಗ ಗಾಳಿ ಇಲ್ಲಿಂದ ಹೊರಗೆ ಹೋಗಬೇಕು. ಮುಚ್ಚಿಬಿಟ್ರೆ ಎಲ್ಲಿಗೆ ಹೋದೀತು? ಆಯಿಲನ್ನ ನೂಕ್ಕೊಂಡು ಸೀಲಿನ ಸಂದೀಲಿ ಬರ್ತದೆ. ಬ್ರಹ್ಮನೇ ಬಂದು ಸೀಲ್ ಹಾಕಿದ್ರೂ ನಿಲ್ಲಲ್ಲ. ಆಯಿಲೂ ಗೆರೆಗಿಂತ ಎರಡು ಬೆರಳು ಮೇಲೈತೆ.”

ಮುರುಗೇಂದ್ರಪ್ಪನವರ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ಸುಧಾರಿಸಿಕೊಂಡರು. “ಆ ಮಲ್ಲಿಕನೇ ಮುಚ್ಚಿರಬೇಕು.”

“ಥೂ!” ಎಂಬ ಶಬ್ದ ಹಿಂದಿನಿಂದ ಬಂತು. ಜಗದಾಂಬ ಮೆಟ್ಟಿಲ ಮೇಲೆ ನಿಂತಿದ್ದರು. “ಆ ಹುಡುಗನ ಮೇಲೆ ಇನ್ನೂ ಹಾಕ್ತೀರಲ್ರೀ, ನಾಲಿಗೆ ಹೆಂಗೆ ಹೊರಳ್ತದೆ ನಿಮಗೆ? ಎಂಸೀಲ್ ನಾನು ಬಚ್ಚಲ ಪೈಪಿಗೆ ತರಿಸಿದ್ದು. ಅರ್ಧ ಎಲ್ಲಿ ಹೋಯ್ತು ಅಂತ ಕೇಳಿದ್ರೆ ‘ಕಾರಿಗೆ’ ಅಂದೋರು ಯಾರು? ಅವ್ನು ಗೆರೆಗೆ ಸರಿಯಾಗಿ ಹಾಕಿ ಹೋದ. ಎಣ್ಣೆ ಮಾರೋ ಮನೇಲಿ ಕೊಸರಿಲ್ದೆ ಅಳೀತಾರಾ ಅಂತ ಮಾರನೇ ದಿನ ಇನ್ನೊಂದು ಚೊಂಬು ಹೊಯ್ದ್ರಿ. ಅದು ಮೇಲಿಂದ ಉಕ್ಕಿತು. ಉಕ್ಕಿದ್ದಕ್ಕೆ ಚಂದ್ರನ್ನ ಕರೆದು ‘ಇಲ್ಲೊಂದು ತೂತೈತೆ, ಮುಚ್ಚೋ’ ಅಂದ್ರಿ. ನಾನು ಇಲ್ಲೇ ತೊಗರಿಬೇಳೆ ಕೇರ್ತಾ ಕೂತಿದ್ದೆ.”

ಗಿರಣಿಯಲ್ಲಿ ಅಳತೆಯ ಮೇಲೆ ಒಂದು ಸೌಟು ಕೊಸರು ಹಾಕಿಯೇ ಹೆಸರು ಗಳಿಸಿದ ಮನುಷ್ಯ. ಎಣ್ಣೆಯ ಡಬ್ಬಿಯಲ್ಲಿ ತೂತು ಕಂಡರೆ ಮುಚ್ಚಬೇಕು ಎನ್ನುವುದು ಐವತ್ತು ವರ್ಷದ ರೂಢಿ. ಗೇರ್ ಬಾಕ್ಸೂ ಎಣ್ಣೆಯ ಡಬ್ಬಿಯೇ ಅಂದುಕೊಂಡಿದ್ದರು. ತಪ್ಪು ಯಾರಿಗೂ ಆಗುತ್ತದೆ. ಆದರೆ ತಪ್ಪನ್ನು ಎಲೆ ಮುಂದೆ ಕೂತ ಹುಡುಗನ ತಲೆಗೆ ಕಟ್ಟಿದ್ದು ಎಂಥ ಧಿಮಾಕು!

ಶೈಲಜಾ ಗಂಡನ ಕಡೆ ತಿರುಗಿದಳು. “ಮುಚ್ಚಿದೋರು ನೀವಾ?”

“ಅಪ್ಪ ಹೇಳಿದ್ರು, ಮುಚ್ಚಿದೆ.”

“ಅದು ಉಸಿರಾಡೋ ತೂತು ಅಂತ…”

“ನನಗೇನು ಗೊತ್ತು ಶೈಲಾ?” ಎಂದ ಅವನು, ಪಾತಣ್ಣನ ಟಾರ್ಚನ್ನು ನೋಡುತ್ತ.

ಆಕೆ ನಂಬಿದಳು. ನಂಬದೆ ಏನು ಮಾಡಿಯಾಳು, ಗಿರಣಿಯವನಿಗೆ ಗೇರ್ ಬಾಕ್ಸಿನ ಸಂಗತಿ ಎಲ್ಲಿ ಗೊತ್ತಿರುತ್ತದೆ? ಆ ದಿನವೇ ತಮ್ಮನಿಗೆ ಫೋನ್ ಮಾಡಿದಳು. ಮುಚ್ಚಿದವರು ತನ್ನ ಗಂಡನೇ ಎಂದು ಹೇಳಿದಾಗ ಮಲ್ಲಿಕ್, “ಭಾವನಾ?” ಎಂದು ಎರಡು ಸಲ ಕೇಳಿದ. “ಆಯ್ತು ಬಿಡಕ್ಕ,” ಎಂದಷ್ಟೇ ಹೇಳಿ ಇಟ್ಟ.

ಸಂಜೆ ಉಪ್ಪಿಟ್ಟಿನ ತಟ್ಟೆ ಇಡುತ್ತ ಆಕೆ ಮಾವನ ಎದುರೇ ಕೂತಳು.

“ಈಗ ಹೇಳ್ರಿ ಮಾವ. ಯಾವತ್ತು ಮೊಳಕಾಲ್ಮುರಿಗೆ ಹೋಗೋದು?”

“ನಾನ್ಯಾಕೆ ಹೋಗ್ಲಿ? ಮಲ್ಲಿಕ್‌ಗೆ ಒಂದು ಜೊತೆ ಬಟ್ಟೆ ಕಳಿಸೋಣ. ದೀಪಾವಳಿ ಬಂತಲ್ಲ, ಹಬ್ಬಕ್ಕೆ ಕರೆದ್ರಾಯ್ತು. ಮನೆ ಮಾತು ಮನೇಲೇ ಇರಲಿ.”

“ಮನೇಲಿ ಆಡಿದ್ರಾ ನೀವು? ಪಂಕ್ತಿ ಕೂತಿದ್ದ ಮೂವತ್ತು ಜನರ ಮುಂದೆ ಕಳ್ಳ ಅಂದ್ರಿ. ಕಳ್ಳ ಅಂದ ಬಾಯಲ್ಲೇ ಅಲ್ಲ ಅನ್ನಬೇಕು, ಸೋಮಶೇಖರಪ್ಪನೋರ ಅಂಗಡೀಲಿ, ಜನರಿರೋ ಹೊತ್ತಲ್ಲಿ.”

“ಈ ವಯಸ್ಸಲ್ಲಿ ಬೀಗರ ಊರಿಗೆ ಹೋಗಿ ತಲೆ ತಗ್ಗಿಸಲಾ?”

“ಅವ್ನಿಗೆ ಇನ್ನೂ ಮೂವತ್ನಾಲ್ಕು. ಅವ್ನು ಇನ್ನು ನಲವತ್ತು ವರ್ಷ ತಲೆ ತಗ್ಗಿಸ್ಕೊಂಡಿರಲಾ?”

“ನಾನು ಹೋಗಲ್ಲ!” ತಟ್ಟೆ ನೂಕಿದರು.

“ಬ್ಯಾಡ್ರಿ. ಶುಕ್ರವಾರ ಪಾತಣ್ಣನ್ನ ಕರ್ಕೊಂಡು ನಾನೇ ಬಸ್ಸಿಗೆ ಹೋಗ್ತೀನಿ. ಆ ಎಂಸೀಲ್ ಉಂಡೆ ಸೋಮಶೇಖರಪ್ಪನೋರ ಗಲ್ಲಾಪೆಟ್ಟಿಗೆ ಮೇಲಿಟ್ಟು ಎಲ್ಲಾ ನಾನೇ ಹೇಳ್ತೀನಿ. ಕೊಸರಿನಿಂದ ಹಿಡ್ದು ಹೇಳ್ತೀನಿ.”

“ತಾತ, ಅಮ್ಮ ಹೇಳಿದ್ರೆ ಇನ್ನೂ ಮಸಾಲೆ ಜಾಸ್ತಿ ಇರ್ತದೆ,” ಎಂದಳು ಸೌಂದರ್ಯ.

“ನೀನು ಬಾಯಿ ಮುಚ್ಚೇ!” ಎಂದರು ಮುರುಗೇಂದ್ರಪ್ಪ. ಆದರೆ ಆ ಮಾತು ತಾಗಿತು. ಸೊಸೆ ಹೇಳುವುದಕ್ಕಿಂತ ತಾವೇ ಹೇಳಿದರೆ ತಮಗೆ ಬೇಕಾದ ಹಾಗೆ ಹೇಳಬಹುದು ಎಂಬ ವ್ಯಾಪಾರಿ ಲೆಕ್ಕ ಅವರ ತಲೆಯಲ್ಲಿ ಓಡಿತು. ಗುರುವಾರ ಊಟದ ಹೊತ್ತಿಗೆ, “ಚಂದ್ರ, ನಾಳೆ ಮೊಳಕಾಲ್ಮುರಿಗೆ ಹೋಗೋದೈತೆ. ನೀನೂ ಬಾ,” ಎಂದರು.

“ಹೂಂ,” ಎಂದ ಚಂದ್ರಶೇಖರ್.

ಶುಕ್ರವಾರ ಅಂಬಾಸಿಡರ್ ತಳಕು ದಾಟಿ, ಶೇಂಗಾ ಕಿತ್ತ ಹೊಲಗಳನ್ನು ದಾಟಿ, ಬಂಡೆಗುಡ್ಡಗಳ ಬುಡದ ಮೊಳಕಾಲ್ಮುರನ್ನು ಸೇರಿತು. ಒಳಗೆ ಅಪ್ಪ, ಮಗ, ಶೈಲಜಾ, ಪಾತಣ್ಣ ನಾಲ್ವರಿದ್ದರು. ಪಾತಣ್ಣ ಉಸಿರಿನ ತೂತು ಬಿಡಿಸಿ, ಹೆಚ್ಚಿನ ಆಯಿಲ್ ತೆಗೆದು, ತಾನು ಬಿಚ್ಚಿಟ್ಟಿದ್ದ ಮಲ್ಲಿಕ್‌ನ ಸೀಲನ್ನೇ ಮತ್ತೆ ಕೂರಿಸಿದ್ದ. ಹಾಗೆ ಮಾಡಬೇಕೆಂದು ಶೈಲಜಾ ಹಠ ಹಿಡಿದಿದ್ದಳು. ಅರವತ್ತು ಕಿಲೋಮೀಟರ್ ಓಡಿದ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿ, ಪಾತಣ್ಣ ಅಡಿಗೆ ಒಂದು ಬಿಳಿ ಹಾಳೆ ಹಾಸಿದ. ಒಂದು ಹನಿಯೂ ಬೀಳಲಿಲ್ಲ.

ಅಂಗಡಿಯಲ್ಲಿ ದೀಪಾವಳಿಯ ವ್ಯಾಪಾರ ಜೋರಾಗಿತ್ತು. ಮದುವೆ ಸೀರೆಗೆ ಬಂದ ರಾಯದುರ್ಗದ ಕಡೆಯ ಹೆಂಗಸರು ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು, ಇಬ್ಬರು ನೇಕಾರರು ಸೀರೆಯ ಗಂಟು ಹಿಡಿದು ಕಾಯುತ್ತಿದ್ದರು. ಸೋಮಶೇಖರಪ್ಪ ಎಲ್ಲರಿಗೂ ಜಾಗ ಮಾಡಿಸಿ ಕೂರಿಸಿದರು. ಕರೆಕಳಿಸಿದ ಮೇಲೆ ಮಲ್ಲಿಕ್ ಬಂದು ಬಾಗಿಲ ಬಳಿಯೇ ನಿಂತ. ಮೊದಲಿಗಿಂತ ಇಳಿದುಹೋಗಿದ್ದ.

ಮುರುಗೇಂದ್ರಪ್ಪ ಗಂಟಲು ಸರಿಮಾಡಿಕೊಂಡರು. “ಆವತ್ತು ಏನೋ ಒಂದು ಸಣ್ಣ ಗೊಂದಲ ಆಗಿತ್ತು ಸೋಮಶೇಖರಪ್ಪ. ಸೀಲು ಸರಿಯಾಗೇ ಐತಂತೆ.”

“ಐತಂತೆ ಅಲ್ಲ ಮಾವ, ಐತೆ,” ಎಂದಳು ಶೈಲಜಾ.

“ಐತೆ. ಮೇಲೆ ಒಂದು ಗಾಳಿ ತೂತಿತ್ತು. ನಾವು ಗೊತ್ತಿಲ್ದೆ ಮುಚ್ಚಿದ್ವಿ. ಅದು ನಮ್ಮದೇ ತಪ್ಪು ಅಂತಲೇ ಇಟ್ಕೊಳ್ರಿ. ಆದ್ರೆ ಕೆಲಸ ಮಾಡಿದೋನು ಇದನ್ನ ಮುಚ್ಚಬಾರದು ಅಂತ ಒಂದು ಮಾತು ಹೇಳಿ ಹೋಗಬೇಕಿತ್ತಾ ಇಲ್ವಾ? ಹುಡುಗ, ಅನುಭವ ಸಾಲದು. ಹೋಗ್ಲಿ ಬಿಡ್ರಿ.”

ಸೋಮಶೇಖರಪ್ಪ ತಲೆಯಾಡಿಸಿದರು. “ಅದೂ ಒಂದು ಮಾತೇ. ಹೇಳಬೇಕಿತ್ತು.”

ಅಬ್ಬಾ ಮುದುಕ! ಕಳ್ಳತನವನ್ನು ತೆಗೆದು ದಡ್ಡತನವನ್ನು ಹೊರಿಸಿ ಕೈತೊಳೆದುಕೊಂಡರು. ಕೆಲಸ ಬಾರದವನಿಗೆ ಮಾತ್ರ ಯಾರು ಗಾಡಿ ಕೊಡುತ್ತಾರೆ? ಶೈಲಜಾ ಸೀದಾ ತಮ್ಮನ ಹತ್ತಿರ ಹೋಗಿ ನಿಂತಳು.

“ಹೇಳಿರಲಿಲ್ವೇನೋ ನೀನು?”

ಮಲ್ಲಿಕ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನೆಲ ನೋಡಿದ. “ಬಿಡಕ್ಕ, ಮುಗೀತಲ್ಲ.”

“ಬಿಡಲ್ಲ. ಹೇಳಿದ್ಯೋ ಇಲ್ವೋ?”

“ಹೇಳಿದ್ದೆ.”

“ಯಾರಿಗೆ?”

ಅವನು ಬಟ್ಟೆಯನ್ನು ಮಡಚಿ ಜೇಬಿಗೆ ತುರುಕಿದ. ಅಕ್ಕನ ಮುಖ ನೋಡಲಿಲ್ಲ. ಸೀರೆ ನೋಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇತ್ತ ತಿರುಗಿದ್ದರು.

“ಯಾರಿಗೆ ಹೇಳಿದ್ಯಪ್ಪ?” ಎಂದರು ಮುರುಗೇಂದ್ರಪ್ಪ. “ನನಗಂತೂ ಹೇಳಿಲ್ಲ. ಈಗ ಕತೆ ಕಟ್ಟಬ್ಯಾಡ.”

“ನನಗೆ ಹೇಳಿದ್ದ,” ಎಂದ ಚಂದ್ರಶೇಖರ್.

ಅವನು ಎದ್ದು ನಿಂತಿದ್ದ. “ನನ್ನ ಬೆರಳು ಹಿಡ್ದು ಆ ತೂತಿನ ಮೇಲಿಟ್ಟು ತೋರಿಸಿದ್ದ. ಭಾವ, ಇದು ಉಸಿರಾಡ್ತದೆ, ಇದನ್ನ ಯಾರೂ ಮುಟ್ಟದಂಗೆ ನೋಡ್ಕೊಳ್ರಿ ಅಂದಿದ್ದ. ಅಪ್ಪ ಮುಚ್ಚು ಅಂದ್ರು. ಮುಚ್ಚಬಾರದು ಅಂತ ಗೊತ್ತಿದ್ದೂ ಮುಚ್ಚಿದೆ. ಆಯುಧಪೂಜೆ ದಿನ ಸೋರಿತಲ್ಲ, ಯಾಕೆ ಸೋರಿತು ಅಂತಲೂ ಗೊತ್ತಿತ್ತು. ಮಲ್ಲಿಕ್ ಎಲೆ ಬಿಟ್ಟು ಎದ್ದಾಗ ತುಪ್ಪ ಹಿಡ್ಕೊಂಡು ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವನದು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.”

“ಚಂದ್ರ!” ಎಂದರು ಮುರುಗೇಂದ್ರಪ್ಪ.

ಈ ಸಲ ಚಂದ್ರಶೇಖರ್ ‘ಹೂಂ’ ಎನ್ನಲಿಲ್ಲ. ಮುದುಕರು ಎದ್ದು, ಯಾರನ್ನೂ ನೋಡದೆ ಹೋಗಿ ಕಾರಿನಲ್ಲಿ ಕೂತುಬಿಟ್ಟರು. ಸೋಮಶೇಖರಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದು ಮಲ್ಲಿಕ್‌ನ ಗ್ರೀಸಿನ ಕೈ ಹಿಡಿದುಕೊಂಡರು.

“ತಪ್ಪಾಯ್ತು ಕಣಪ್ಪ. ಕೇಳಿದ್ದನ್ನ ನಾನೂ ಊರಿಗೆಲ್ಲ ಹಂಚಿದೆ. ನಾಳೆನೇ ಗಾಡಿ ಕಳಿಸ್ತೀನಿ.”

“ನಾಳೆ ಬ್ಯಾಡ್ರಿ, ಬೇರೆ ಕೆಲಸ ಐತೆ,” ಎಂದ ಮಲ್ಲಿಕ್. ಬೇರೆ ಕೆಲಸ ಯಾವುದೂ ಇರಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. “ನಾಡಿದ್ದು ಕಳಿಸ್ರಿ.”

ತಮ್ಮನ ಹೆಸರು ಉಳಿಯಿತು. ಅದಕ್ಕಾಗಿ ಇಷ್ಟು ದಿನ ಕುದ್ದಿದ್ದ ಶೈಲಜಾಳಿಗೆ ಆ ಗಳಿಗೆಯಲ್ಲಿ ಸಂತೋಷವಾಗಬೇಕಿತ್ತು. ಆಕೆ ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಬಂದಳು. ಚಂದ್ರಶೇಖರ್ ಹಿಂದೆಯೇ ಬಂದ.

“ಶೈಲಾ, ಹೇಳಿಬಿಟ್ಟೆನಲ್ಲ. ಎಲ್ಲರ ಮುಂದೆ ಹೇಳಿದೆ.”

“ಹದಿನಾರು ದಿನ ಆದ್ಮೇಲೆ ಹೇಳಿದ್ರಿ.” ಆಕೆಯ ದನಿ ಏರಲಿಲ್ಲ. “ನಾನು ನಿಮ್ಮ ಅಪ್ಪನ ಜೊತೆ ಬಡಿದಾಡ್ತಾ ಇದ್ದೆ. ಅವ್ವ ಫೋನಲ್ಲಿ ಅಳ್ತಿದ್ಲು. ನೀವು ಅಲ್ಲೇ ಕೂತು ಉಣ್ತಿದ್ರಿ. ಮೂರು ಹೊತ್ತೂ ನಾನೇ ಬಡಿಸಿದೆ. ಒಂದು ತುತ್ತಾದ್ರೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವೇನ್ರೀ?”

“ಸಿಕ್ಕಿಕೊಳ್ತು,” ಎಂದ ಚಂದ್ರಶೇಖರ್.

“ಗೊತ್ತು. ನೀರು ಕೊಟ್ಟೋಳು ನಾನೇ.”

ಆಕೆ ಕಾರಿನ ಕಡೆ ಹೋಗಲಿಲ್ಲ. ಗ್ಯಾರೇಜಿನ ಕಡೆ ಹೊರಟಿದ್ದ ತಮ್ಮನ ಹಿಂದೆ, ಬಸ್ ಸ್ಟ್ಯಾಂಡಿನ ರಸ್ತೆ ಹಿಡಿದು ನಡೆದಳು.